ತೋಂಟದಾರ್ಯ ಚಿಕ್ಕಪ್ಪನ ತುರಿನಿವಾರಿಣಿ

"ಇಗೋ, ತುರಿನಿವಾರಿಣಿ! ಇನ್ನೊಂದು ಸಲ ಚಕ್ಕುಲಿ ಕೆರೆದುಕೊಂಡರೆ ನನ್ನ ಹೆಸರು ತೋಂಟದಾರ್ಯನೇ ಅಲ್ಲ!" ಎಂದು ಚಿಕ್ಕಪ್ಪ ಬೆಡ್‌ಶೀಟು ಎಳೆದರು.

"ಬೇರೆ ಯಾವ ಹೆಸರು ಬೇಕು, ಈಗಲೇ ಹೇಳಿಬಿಡಿ. ನಾಳೆ ಹೇಗೂ ನಾಮಕರಣಕ್ಕೆ ಅಯ್ನೋರು ಬರ್ತಾರೆ. ಮೊಮ್ಮಗಳ ಜೊತೆ ನಿಮಗೂ ಒಂದು ಇಟ್ಟು ಹೋಗಲಿ," ಎಂದರು ಸರ್ವಮಂಗಳ ಚಿಕ್ಕಮ್ಮ.

ಬೆಡ್‌ಶೀಟಿನ ಅಡಿಯಲ್ಲಿದ್ದದ್ದು ಹಳೆಯ ಗ್ರೈಂಡರಿನ ಹೊಟ್ಟೆ, ವ್ಯಾಕ್ಯೂಮ್ ಕ್ಲೀನರಿನ ಸೊಂಡಿಲು, ಇಕ್ಕಳದ ಎರಡು ಕೈ, ಕ್ಯಾಮೆರಾದ ಒಂಟಿ ಕಣ್ಣು, ನಾಲ್ಕು ಗಾಲಿ. ಗಣಪತಿಯನ್ನು ಮಾಡಲು ಹೋಗಿ ಮಧ್ಯದಲ್ಲಿ ಮನಸ್ಸು ಬದಲಾಯಿಸಿದಂತಿತ್ತು.

ಚಕ್ಕುಲಿ ಎಂದರೆ ಚಿಕ್ಕಪ್ಪನ ನಾಯಿ. ಬಾಲ ಸುತ್ತಿಕೊಂಡಿರುವುದರಿಂದ ಆ ಹೆಸರು. ನಮ್ಮೂರು ಅರಸೀಕೆರೆ. ಊರಿನ ಹೆಸರನ್ನೇ ಅಪ್ಪಣೆ ಎಂದು ತಿಳಿದ ಆ ಬಡಪಾಯಿ, ಮೈಯಲ್ಲಿ ಹೊಸ ಹೊಸ ಜಾಗ ಅರಸಿ ಅರಸಿ ಕೆರೆದುಕೊಳ್ಳುತ್ತಿತ್ತು. ನಮ್ಮ ಊರಲ್ಲಿ ಒತ್ತುವರಿಯಾಗದೆ ಉಳಿದಿದ್ದ ಕೆರೆ ಅದೊಂದೇ! ದನದಾಸ್ಪತ್ರೆಯ ಡಾಕ್ಟರಮ್ಮ ನೋಡಿ, "ಇದು ತಿನ್ನೋದರ ಅಲರ್ಜಿ. ಹಾಲು, ಗೋಧಿ ಮುಟ್ಟಿಸಬೇಡಿ. ಬರೀ ಬೇಯಿಸಿದ ಸಿಹಿಗುಂಬಳ, ಗೆಣಸು, ಹೆಸರುಬೇಳೆ ಕೊಡಿ," ಎಂದಿದ್ದರು. ಚಿಕ್ಕಮ್ಮ ಎರಡು ತಿಂಗಳು ಬೇಯಿಸಿದ್ದೇ ಬಂತು, ಕೆರೆತ ಮಾತ್ರ ಹಾಗೇ ಇತ್ತು. ಮನೆ ತುಂಬ ಕಂದು ಕೂದಲು!

"ನಾಳೆ ಪಾಯಸದಲ್ಲಿ ಒಂದೇ ಒಂದು ಕೂದಲು ಸಿಗಲಿ, ಸಂಜೆ ಬಸ್ಸಿಗೇ ಈ ನಾಯಿನ ಬಾಣಾವರದ ನಮ್ಮಣ್ಣನ ತೋಟಕ್ಕೆ ಸಾಗಿಸ್ತೀನಿ!" ಎಂದು ಚಿಕ್ಕಮ್ಮ ತೀರ್ಪು ಕೊಟ್ಟಾಗ ಚಿಕ್ಕಪ್ಪನ ಕಣ್ಣಲ್ಲಿ ನೀರು. ಚಿಕ್ಕಮ್ಮ ತವರಿಗೆ ಹೋದಾಗ ಅವರ ಕಣ್ಣಲ್ಲಿ ಕಂಡದ್ದು ಬೇರೆಯೇ ಹೊಳಪು, ಆ ಮಾತು ಬಿಡಿ.

"ಸಿಹಿಗುಂಬಳ ಸೋತಿತು, ಇನ್ನು ವಿಜ್ಞಾನ! ಇದು ಬೇವಿನ ಗಾಳಿ ಊದಿ ಚರ್ಮದ ತುರಿಯನ್ನೇ ಹೀರಿಬಿಡುತ್ತೆ ಕಣೇ ಮಾದೇವಿ. ಪೂರ್ತಿ ನೈಸರ್ಗಿಕ!"

"ಪ್ಲಗ್ಗೂನಾ ಚಿಕ್ಕಪ್ಪ?" ಎಂದೆ.

ಅವರು ಕೇಳಿಸಿಕೊಳ್ಳಲಿಲ್ಲ. ಯಂತ್ರದ ಕಿವಿಗೆ ಬಾಯಿಟ್ಟು, "ತುರಿ ಎಲ್ಲೇ ಕಂಡರೂ ತೆಗೆ!" ಎಂದರು. "ಅಪ್ಪಣೆ!" ಎಂದಿತು ಅದು, ಚಿಕ್ಕಪ್ಪನದೇ ಮೂಗುದನಿಯಲ್ಲಿ.

"ನನ್ನ ದನಿ ಬಿಟ್ಟು ಬೇರೆ ಯಾರ ಮಾತೂ ಕೇಳಲ್ಲ. ಈ ಮನೇಲಿ ನನ್ನ ಮಾತು ಕೇಳೋದು ಒಂದಾದರೂ ಇರಲಿ ಅಂತ!"

ಮರುದಿನ ತೊಟ್ಟಿಲ ಶಾಸ್ತ್ರ ಮುಗಿದು ಎಲೆ ಹಾಕಿದ್ದಾಯಿತು. ತಿಪಟೂರಿನ ಬೀಗರು ಬೀಗುತ್ತಲೇ ಕೂತರು. ಯಂತ್ರ ಗಡಗಡ ಬಂತು. ಬಾಗಿಲಲ್ಲಿ ಮೈಮರೆತು ಕೆರೆದುಕೊಳ್ಳುತ್ತಿದ್ದ ಚಕ್ಕುಲಿಯನ್ನು ದಾಟಿ, ಬೀಗಿತ್ತಿ ಗಂಗಾಂಬಿಕಮ್ಮನವರ ಎಲೆಯ ಮುಂದೆ ನಿಂತಿತು.

"ತುರಿ ಕಂಡಿದೆ!"

ಸುಯ್ಯ್! ಕೋಸಂಬರಿಯಲ್ಲಿದ್ದ ಕಾಯಿತುರಿ ಮಾಯ! ಬೀನ್ಸ್ ಪಲ್ಯದ್ದೂ ಮಾಯ! ಕಾಯಿ ಒಬ್ಬಟ್ಟಿನ ಹೊಟ್ಟೆ ಬಗೆದು ಹೂರಣವನ್ನೂ ಹೀರಿ ಪಕ್ಕದ ಎಲೆಗೆ ಹೊರಟಿತು.

"ತಿಪಟೂರಲ್ಲಿ ನಾವು ಬೀಗರಿಗೆ ಲೋಡುಗಟ್ಟಲೆ ಕಾಯಿ ಕಳಿಸ್ತೀವಿ ಕಣ್ರೀ! ಇಲ್ಲಿ ಎಲೆಗೆ ಹಾಕಿದ್ದನ್ನೂ ವಾಪಸ್ ತಗೋತಾರಲ್ಲ!" ಎಂದು ಗಂಗಾಂಬಿಕಮ್ಮ ಕೈ ಕೊಡವಿ ಎದ್ದೇಬಿಟ್ಟರು.

"ನಿಲ್ಸ್ರೀ ಅದನ್ನ!" ಚಿಕ್ಕಮ್ಮ ಕಿರುಚಿದರು.

"ಇಲ್ಲು! ಇಲ್ಲು!" ಎಂದರು ಚಿಕ್ಕಪ್ಪ. ಬಾಯಿ ತುಂಬ ಒಬ್ಬಟ್ಟು.

"ದನಿ ಗೊತ್ತಾಗಲಿಲ್ಲ," ಎಂದು ಯಂತ್ರ ಮೂರನೆಯ ಎಲೆಗೆ ಕೈ ಹಾಕಿತು.

ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಹೆಸರು ಮಾಡಿದವಳು ನಾನು. ಚಿಕ್ಕಪ್ಪನ ಮೂಗು ಯಾವ ಲೆಕ್ಕ? ಮೂಗು ಹಿಡಿದು, "ತುರಿ ಬಿಡು!" ಎಂದು ಅಬ್ಬರಿಸಿದೆ. ಅದರ ಪಾಡಿಗೆ ಬಿಟ್ಟುಬಿಡು ಎಂಬ ಅರ್ಥದಲ್ಲಿ.

"ಅಪ್ಪಣೆ!" ಎಂದ ಯಂತ್ರ ಸೊಂಡಿಲೆತ್ತಿ, ಹೊಟ್ಟೆಯಲ್ಲಿದ್ದ ತುರಿಯನ್ನೆಲ್ಲ ಬಿಟ್ಟೇಬಿಟ್ಟಿತು! ಬೀಗರ ರೇಷ್ಮೆ ಪೇಟದ ಮೇಲೆ, ತೊಟ್ಟಿಲ ಮೇಲೆ, ಫೋಟೋದವನ ಕ್ಯಾಮೆರಾದ ಮೇಲೆ ಭೋರೆಂದು ಕಾಯಿತುರಿ! ಯಾರೋ ಅಕ್ಷತೆ ಹಾಕಿದರೆಂದುಕೊಂಡ ಅಯ್ನೋರು ಕಣ್ಣು ಮುಚ್ಚಿ ಇನ್ನೊಮ್ಮೆ ಆಶೀರ್ವಾದ ಮಾಡಿದರು.

ಅಷ್ಟರಲ್ಲಿ ಒಬ್ಬಟ್ಟು ನುಂಗಿದ ಚಿಕ್ಕಪ್ಪ ಪಾಯಸದ ಕೊಳಗದ ಪಕ್ಕದಿಂದ ಯಂತ್ರಕ್ಕೆ ಅಡ್ಡ ಬಂದರು. "ಲೇ ದಡ್ಡ, ತುರಿ ಅಂದ್ರೆ ಅದಲ್ಲ ಕಣೋ! ಇದು! ನೋಡು, ಇದು!" ಎಂದು ಎರಡೂ ಕೈಯಿಂದ ತಮ್ಮ ತಲೆ ಪರಪರ ಕೆರೆದು ತೋರಿಸಿದರು.

ಒಂಟಿ ಕಣ್ಣಿನಲ್ಲಿ ಹಸಿರು ದೀಪ ಹತ್ತಿತು. "ಅರ್ಥವಾಯಿತು!"

ಸೊಂಡಿಲು ನೇರವಾಗಿ ಅವರ ನೆತ್ತಿಗೆ ಅಂಟಿತು. ಎಡಗಿವಿಯಿಂದ ಬಲಗಿವಿಗೆ ಸೇತುವೆ ಕಟ್ಟಿದಂತೆ ಬಾಚಿ ಕಾಪಾಡಿಕೊಂಡಿದ್ದ ಕೂದಲೆಲ್ಲ ಸುಯ್ಯ್!

"ಅಯ್ಯಯ್ಯೋ! ಬಿಡು, ಬಿಡು, ಬಿಡೋ!"

ಅದೂ ಆಜ್ಞೆಯೇ ತಾನೆ? ಬಿಟ್ಟಿತು. ಕೊಳಗದೊಳಕ್ಕೆ.

ಚಿಕ್ಕಮ್ಮ ಸೌಟು ಮುಳುಗಿಸಿ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಚಿಕ್ಕಪ್ಪ ಚಕ್ಕುಲಿಯನ್ನು ಅವುಚಿಕೊಂಡು, "ಪಾಪ ಅದನ್ನ ಕಳಿಸಬೇಡ ಕಣೇ," ಎಂದು ಗೋಗರೆದರು.

"ಅದನ್ನ ಯಾಕ್ರೀ ಕಳಿಸಲಿ? ತುದಿ ಕಪ್ಪು, ಬುಡ ಬಿಳಿ. ನಾಯಿ ಡೈ ಹಚ್ಕೊಳ್ಳಲ್ಲ."

ಸಂಜೆಯ ಬಸ್ಸಿನಲ್ಲಿ ಚಿಕ್ಕಪ್ಪ ಬಾಣಾವರಕ್ಕೆ ಹೊರಟರು. ಯಂತ್ರವನ್ನು ಲಗೇಜಿನಲ್ಲಿ ಹಾಕಿದರು.

ಮರುದಿನವೇ ಫೋನು. "ಮಾದೇವಿ, ಚಿಕ್ಕಮ್ಮನಿಗೆ ಹೇಳಬೇಡ. ಚಕ್ಕುಲಿಗೆ ದಿನಾ ಎರಡು ಚಪಾತಿ ಹಾಲಲ್ಲಿ ಅದ್ದಿ ಕೊಡಮ್ಮ. ಬರೀ ಕುಂಬಳಕಾಯಿ ತಿಂದು ಹೇಗೆ ಬದುಕುತ್ತೆ? ಇಲ್ಲೀತನಕ ನಾನೇ ಕದ್ದು ಕೊಡ್ತಿದ್ದೆ."

ಫೋನು ಸ್ಪೀಕರಿನಲ್ಲಿತ್ತು. ಚಿಕ್ಕಮ್ಮ ಗೆಣಸು ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

ಎರಡು ತಿಂಗಳಲ್ಲಿ ಕೆರೆತ ನಿಂತು ಚಕ್ಕುಲಿಯ ಮೈತುಂಬ ಹೊಸ ಕೂದಲು ಬಂತು. ಡಾಕ್ಟರಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ.

"ಆಗಲೂ ಸಿಹಿಗುಂಬಳ, ಈಗಲೂ ಸಿಹಿಗುಂಬಳ. ಈ ಸಲ ಏನನ್ನ ಬಿಡಿಸಿದ್ರಿ ಸರ್ವಮಂಗಳಮ್ಮ?"

"ಯಜಮಾನ್ರನ್ನ," ಎಂದರು ಚಿಕ್ಕಮ್ಮ.