ಮೊಮ್ಮಗನ ತೂಕದ ಬ್ಯಾಟರಿ

ಇಂಡಿ ಊರಿನ ಅಬ್ದುಲರಜಾಕ ಮಾಸ್ತರರ ಬಾಯಿಗೆ 'ಇಲ್ಲ' ಎಂಬ ಮಾತು ಬರುತ್ತಿರಲಿಲ್ಲ. ಅದರ ಫಲವನ್ನು ಅವರ ಕಾರಿನ ಬ್ಯಾಟರಿ ಉಣ್ಣುತ್ತಿತ್ತು. ಓಣಿಯಲ್ಲಿ ಕಾರಿದ್ದುದು ಅವರೊಬ್ಬರಿಗೇ. ಕರೆಂಟು ಹೋದರೆ ಭಜನೆಯ ಮೈಕಿಗೆ, ಉರುಸಿನ ಕವ್ವಾಲಿಗೆ, ನಿಂಬೆ ತೋಟದ ಔಷಧಿ ಪಂಪಿಗೆ ಜನ ಅವರ ಬ್ಯಾಟರಿಯನ್ನೇ ಕೇಳುತ್ತಿದ್ದರು. ಬೇರೆಯವರು ಬಿಚ್ಚಿದರೆ ವಾಯರು ಕಿತ್ತಾರೆಂಬ ಭಯಕ್ಕೆ ಮಾಸ್ತರು ತಾವೇ ಬಿಚ್ಚಿ, ತಾವೇ ಹೊತ್ತು ಮುಟ್ಟಿಸಿ ಬರುತ್ತಿದ್ದರು. ಕಾರಿಗಿಂತ ಹೆಚ್ಚು ಊರು ತಿರುಗಿದ್ದು ಆ ಬ್ಯಾಟರಿಯೇ.

ಆ ಭಾನುವಾರ ಬೆಳಿಗ್ಗೆ, ನಿಂಬೆ ವ್ಯಾಪಾರಿ ರಾಚಪ್ಪನ ಮನೆಯ ಸೀಮಂತದಿಂದ ಮರಳಿದ ಬ್ಯಾಟರಿಯನ್ನು ಕಾರಿಗೆ ಕೂಡಿಸಲೆಂದು ಎತ್ತಿದ್ದೇ ತಡ, ಮಾಸ್ತರರ ಸೊಂಟ ಕಟಕ್ಕೆಂದಿತು. ಬಾಗಿದವರು ಬಾಗಿಯೇ ಉಳಿದರು. ಹೇಗೋ ಕೂಡಿಸಿ ಚಾವಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ರಾತ್ರಿಯೆಲ್ಲ ಸೋಬಾನೆ ಹಾಡಿಸಿದ ಬ್ಯಾಟರಿ ಸತ್ತುಹೋಗಿತ್ತು.

ಓಣಿಯ ಡಾಕ್ಟರು ಸೊಂಟ ಒತ್ತಿ ನೋಡಿ, "ಇನ್ನ ಮ್ಯಾಲ ಐದು ಕೇಜಿಗಿಂತ ಹೆಚ್ಚಿಂದು ಏನೂ ಎತ್ತಬ್ಯಾಡ್ರಿ" ಎಂದರು.

ಬೇರೆ ದಿನವಾಗಿದ್ದರೆ ಮಾಸ್ತರು ಚಾಪೆ ಹಾಸಿ ಮಲಗಿಬಿಡುತ್ತಿದ್ದರು. ಆದರೆ ಅಂದು ಮಗಳು ನಿಷತ ಚೊಚ್ಚಲ ಕೂಸಿನೊಂದಿಗೆ ಸಿಂದಗಿಯ ಆಸ್ಪತ್ರೆಯಿಂದ ಹೊರಡುವವಳಿದ್ದಳು. ಹೆರಿಗೆ ಇಂಡಿಯಲ್ಲಾಗಲಿ ಎಂದು ಇವರು, ಬಸವನ ಬಾಗೇವಾಡಿಯಲ್ಲಾಗಲಿ ಎಂದು ಬೀಗ ದಿಲಾವರ ಸಾಹೇಬರು ಹಟ ಹಿಡಿದು, ಕೊನೆಗೆ ಇಬ್ಬರದೂ ಅಲ್ಲದ ಸಿಂದಗಿಗೆ ರಾಜಿಯಾಗಿತ್ತು. ಬಾಣಂತನ ತವರಿನಲ್ಲೇ ಎಂಬ ರೂಢಿಯನ್ನು ಬೀಗರು ಒಪ್ಪಿದ್ದೂ ಒಂದು ಷರತ್ತಿನ ಮೇಲೆ.

"ನಾಕರ ಒಳಗ ನಿಮ್ಮ ಸ್ವಂತ ಗಾಡಿ ಕೂಸಿನ್ನ ಕೂಡಿಸಿಕೊಂಡು ಹೊಂಡಬೇಕು ನೋಡ್ರಿ. ಇಲ್ಲಂದ್ರ ನನ್ನ ಜೀಪ ಐತಿ. ನಮ್ಮ ಮನಿ ಕೂಸು ಬಾಡಿಗಿ ಟಂಪೋದಾಗ ಬರೂದಿಲ್ಲ" ಎಂದಿದ್ದರು.

ಜೀಪು ಬಾಗೇವಾಡಿಯ ದಾರಿ ಹಿಡಿಯಿತೆಂದರೆ ನಲವತ್ತು ದಿನ ಕೂಸು ಅಲ್ಲೇ. ಇಲ್ಲಿ ತೊಟ್ಟಿಲು ಕಟ್ಟಿಯಾಗಿತ್ತು. ಹೆಂಡತಿ ರಾಜಬಿ ಕೂಸಿಗೆಂದು ತಿಂಗಳುಗಟ್ಟಲೆ ಕೂತು ಹಳೆ ಸೀರೆಯ ತುಂಡು ಸೇರಿಸಿ ಹೊಲಿದ ಕೌದಿ ಕಾರಿನ ಹಿಂದಿನ ಸೀಟಿನಲ್ಲಿ ಮಡಿಚಿಟ್ಟಿತ್ತು.

"ಬ್ಯಾಟ್ರಿ ಕೊಡೂದು ಬಿಡ್ರಿ, ಸೊಂಟ ತಾನ ನೆಟ್ಟಗಾಗತೈತಿ" ಎಂದಳು ರಾಜಬಿ.

"ಕೇಳಿದವ್ರಿಗೆ ಇಲ್ಲಂತ ಹ್ಯಾಂಗ ಅನ್ನೂದು? ಹಗುರಂದು ತರ್ತೇನಿ, ತಡಿ."

ಬ್ಯಾಟರಿ ಅಂಗಡಿಯ ಚೇತನಕುಮಾರ ಒಂದೊಂದನ್ನೇ ಮುಂದಿಟ್ಟ. ಮಾಸ್ತರು ಯಾವುದರ ಹೆಸರನ್ನೂ ಕೇಳಲಿಲ್ಲ. ಹಿಡಿಕೆಗೆ ಕೈಹಾಕಿ ತುಸು ಎತ್ತಿ, "ಅಯ್ಯೋ" ಎಂದು ಕೆಳಗಿಡುತ್ತಿದ್ದರು.

"ಮಂದಿ ಎಷ್ಟು ವರ್ಷ ಬಾಳಿಕಿ ಬರತೈತಿ ಅಂತ ಕೇಳ್ತಾರ್ರಿ. ಎಷ್ಟು ಕೇಜಿ ಅಂತ ಕೇಳಿದವ್ರು ನೀವ ಮೊದಲನೇರು" ಎಂದ ಚೇತನಕುಮಾರ.

ಸೀಮಂತದ ತಪ್ಪು ತನ್ನದೆಂದು ಹಿಂದೆಯೇ ಬಂದಿದ್ದ ರಾಚಪ್ಪನೂ ಸುಮ್ಮನಿರಲಿಲ್ಲ. "ಬ್ಯಾಟ್ರಿ ಅಂದ್ರ ವಜ್ಜಾ ಇರಬೇಕ್ರಿ ಮಾಸ್ತರ. ಹಗುರಂದು ಅಂದ್ರ ಖಾಲಿ ಡಬ್ಬಿ."

ಹನ್ನೆರಡೂವರೆಯಾಯಿತು. ಮಾಸ್ತರರ ಮುಖ ನೋಡಲಾರದೆ ಚೇತನಕುಮಾರ ಕಪಾಟಿನ ಮೇಲಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದ. ಸೀಸವಿಲ್ಲದ ಲಿಥಿಯಂ ಬ್ಯಾಟರಿ. ಯಾರೋ ಹೇಳಿ ಸೊಲ್ಲಾಪುರದಿಂದ ತರಿಸಿ, ಒಯ್ಯದೆ ಬಿಟ್ಟದ್ದು. ಮಾಸ್ತರು ಎರಡು ಬೆರಳಿನಿಂದ ಎತ್ತಿದರು. ಎದ್ದುಬಂತು!

ನಂಬಿಕೆ ಸಾಲದ ರಾಚಪ್ಪ ಅದನ್ನು ಪಕ್ಕದ ತನ್ನ ಅಂಗಡಿಗೆ ಒಯ್ದು, ತಕ್ಕಡಿಯಿಂದ ನಿಂಬೆಹಣ್ಣು ಸುರುವಿ ಬ್ಯಾಟರಿಯನ್ನಿಟ್ಟ. ಮೂರು ಕೇಜಿ ಇನ್ನೂರು ಗ್ರಾಂ.

ಮಾಸ್ತರರ ಕಣ್ಣು ತೇವವಾಯಿತು. ಆಸ್ಪತ್ರೆಯ ನರ್ಸು ಹೇಳಿದ ಮೊಮ್ಮಗನ ತೂಕ ಮೂರು ಕೇಜಿ ಇನ್ನೂರು! ಇದಕ್ಕಿಂತ ಒಳ್ಳೆಯ ಶಕುನ ಬೇಕೆ? ಬೆಲೆ ಕೇಳಿದಾಗ ಸೊಂಟದ ನೋವು ಒಂದು ಗಳಿಗೆ ಮರೆತೇಹೋಯಿತು. ಆದರೂ ತೆಗೆದುಕೊಂಡರು.

ಕಾರು ಒಂದೇ ಏಟಿಗೆ ಚಾಲೂ ಆಯಿತು. ಹೊರಡುವಷ್ಟರಲ್ಲಿ ಪಕ್ಕದ ಮನೆಯ ದುರ್ಗವ್ವ ಅಡ್ಡ ಬಂದಳು.

"ಮಾಸ್ತರ್ರ, ತ್ವಾಟಕ್ಕ ಔಷಧಿ ಹೊಡೀಬೇಕಿತ್ತು. ಒಂದ ತಾಸು ಬ್ಯಾಟ್ರಿ..."

ಮಾಸ್ತರರ ಬಾಯಿ ರೂಢಿಯಂತೆ 'ಒಯ್ಯಬೇ' ಎನ್ನಲು ತೆರೆಯಿತು. ರಾಜಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಾಸ್ತರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಇಲ್ಲಬೇ ಯವ್ವಾ!" ಎಂದುಬಿಟ್ಟರು. ಹುಟ್ಟಿದಾಗಿನಿಂದ ಆಡಿದ ಮೊದಲ 'ಇಲ್ಲ'. ಅದರ ಹುಮ್ಮಸ್ಸು ಸಿಂದಗಿ ಮುಟ್ಟುವವರೆಗೂ ಇಳಿಯಲಿಲ್ಲ, ಆದರೂ ಪ್ರತಿ ಗುಂಡಿಗೂ ಬ್ಯಾಟರಿ ಜಿಗಿದೀತೇನೋ ಎಂದು ಅಂಜುತ್ತಲೇ ಓಡಿಸಿದರು.

ಮೂರೂ ಇಪ್ಪತ್ತಕ್ಕೆ ಕಾರು ಆಸ್ಪತ್ರೆಯ ಅಂಗಳದೊಳಗೆ ನಿಂತಿತು. ಗೆದ್ದೆ ಎಂದುಕೊಂಡು ಮಾಸ್ತರು ಇಳಿಯುತ್ತಿದ್ದಂತೆ, ಹಿಂದೆಯೇ ಬಂದ ದಿಲಾವರ ಸಾಹೇಬರ ಜೀಪು ಸರಿಯಾಗಿ ಗೇಟಿನ ನಡುವೆ ಗೊರ್ ಎಂದು ಬಂದ್ ಆಯಿತು. ಚಾವಿ ತಿರುಗಿಸಿದರೆ ಸದ್ದಿಲ್ಲ. ಅಂಗಳಕ್ಕೆ ಇದ್ದುದು ಅದೊಂದೇ ಗೇಟು. ಜೀಪು ಅಲ್ಲಾಡದೆ ಕಾರು ಹೊರಬೀಳುವಂತಿರಲಿಲ್ಲ.

ಕಾವಲುಗಾರ, ಕಾಂಪೌಂಡರ, ಬೀಗರು ಮೂವರೂ ನೂಕಿದರು. ಗೇಟಿನ ಗುಂಡಿಯಲ್ಲಿ ಗಾಲಿ ಇಳಿದಿದ್ದ ಜೀಪು ಕದಲಲಿಲ್ಲ. ಬ್ಯಾಟರಿಯಿಂದ ಬ್ಯಾಟರಿಗೆ ಹಚ್ಚುವ ವಾಯರು ಯಾರಲ್ಲೂ ಇರಲಿಲ್ಲ. ಮೂರೂವರೆಯಾಯಿತು, ಮೂರೂ ನಲವತ್ತಾಯಿತು. ಮಾಸ್ತರು ಗಡಿಯಾರ ನೋಡಿ ನೋಡಿ ಬೆವರೊರೆಸಿಕೊಂಡರು.

"ಬೀಗರ, ಐದ ನಿಮಿಷ ನಿಮ್ಮ ಬ್ಯಾಟ್ರಿ ಕೊಡ್ರಲಾ. ಗಾಡಿ ಹೊರಗ ತೆಗೆದು ಕೊಟ್ಟ ಬಿಡ್ತೇನಿ" ಎಂದರು ದಿಲಾವರ.

ಕೊಡದೆ ಗತಿಯಿರಲಿಲ್ಲ. ನಿಜ ಹೇಳಬೇಕೆಂದರೆ, ಹೊಸ ಬ್ಯಾಟರಿ ತೋರಿಸುವ ಆಸೆಯೂ ತುಸು ಇತ್ತು. ಮಾಸ್ತರು ಅದನ್ನು ಬಿಚ್ಚಿ ಒಂದೇ ಕೈಯಲ್ಲಿ ಎತ್ತಿ ಕೊಟ್ಟರು.

"ಅರೇ, ಹೂ ಇದ್ದಂಗ ಐತೆಲ್ರಿ!" ಎಂದು ದಿಲಾವರ ತಮ್ಮದನ್ನು ಬಿಚ್ಚಿಟ್ಟು ಅದನ್ನು ಕೂಡಿಸಿದರು.

ಜೀಪು ಗುಡುಗಿತು, ಹಿಂದೆ ಸರಿಯಿತು, ರಸ್ತೆಯಾಚೆಯ ಬೇವಿನ ನೆರಳಿಗೆ ಹೋಗಿ ನಿಂತಿತು. ಮಾಸ್ತರು ನಟ್ಟು ಬಿಚ್ಚುವ ಪಾನಾ ಹಿಡಿದು ಅಲ್ಲಿಗೆ ಹೋಗುವಷ್ಟರಲ್ಲಿ, ಬೀಗಿತಿ ಹಜರಾಬಿ ಬಾಣಂತಿಯನ್ನೂ ಕೂಸನ್ನೂ ಕರೆತಂದು ಜೀಪಿನಲ್ಲಿ ಕೂಡಿಸಿಯಾಗಿತ್ತು.

"ನಿಮ್ಮ ಗಾಡಿ ಬಿಸಿಲಾಗ ನಿಂತೈತ್ರಿ, ಅಣ್ಣಾರ. ಕೂಸಿಗೆ ಝಳ ಹತ್ತತೈತಿ" ಎಂದಳು ಆಕೆ.

"ಬ್ಯಾಟ್ರಿ ಬಿಚ್ಚತೇನ್ರಿ ಬೀಗರ" ಎಂದರು ಮಾಸ್ತರು, ಬಾನೆಟ್ಟಿಗೆ ಕೈಹಾಕಿ.

"ಬಿಚ್ಚಿದ್ರ ಗಾಡಿ ಬಂದ್ ಬೀಳತೈತಿ. ಕೂಸಿನ್ನ ಮತ್ತ ಬಿಸಿಲಿಗೆ ಇಳಸ್ತೀರೇನು? ನೀವ ಹೇಳ್ರಿ." ದಿಲಾವರ ಕೈಗಡಿಯಾರ ಮುಂದೆ ಹಿಡಿದರು. ನಾಲ್ಕು. "ನಿಮ್ಮ ಗಾಡಿ ಹೊಂಟಿಲ್ಲ, ನಂದು ಹೊಂಟೈತಿ. ನನ್ನ ಬ್ಯಾಟ್ರಿ ಗೇಟಿನ ಹತ್ರ ಇಟ್ಟೇನಿ. ಚಾರ್ಜ ಮಾಡಿಸಿ ಹಾಕ್ಕೊಂಡು ಬಾಗೇವಾಡಿಗೆ ಬರ್ರಿ, ಬದಲಿ ಮಾಡಿಕೊಳ್ಳೂಣು."

ಕಿಟಕಿಯಿಂದ ನಿಷತ, "ಅಬ್ಬಾ, ಸಿಟ್ಟಾಗಬ್ಯಾಡ್ರಿ. ಲಗೂನ ಬರ್ರಿ" ಎಂದಳು. ಅಜ್ಜನ ಬ್ಯಾಟರಿಯ ಬಲದಿಂದಲೇ ಮೊಮ್ಮಗ ಬಾಗೇವಾಡಿಯ ದಾರಿ ಹಿಡಿದ. ಮಾಸ್ತರು ಜೀಪು ಮರೆಯಾಗುವವರೆಗೂ ಪಾನಾ ಹಿಡಿದೇ ನಿಂತಿದ್ದರು. ಕೂಸಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಗೇಟಿನ ಬಳಿ ಬೀಗರ ಸೀಸದ ಬ್ಯಾಟರಿ ಜಿಡ್ಡು ಹಿಡಿದು ಕೂತಿತ್ತು. ಚಾರ್ಜಿನ ಅಂಗಡಿ ಎರಡು ಓಣಿ ಆಚೆ. ಭಾನುವಾರ, ಒಂದೂ ಆಟೋ ಇಲ್ಲ. ಕೈಗೆ ಸಿಕ್ಕ ಬಟ್ಟೆ ಎಂದರೆ ಹಿಂದಿನ ಸೀಟಿನ ಕೌದಿಯೊಂದೇ. ಮಾಸ್ತರು ಅದರಲ್ಲೇ ಬ್ಯಾಟರಿಯನ್ನು ಸುತ್ತಿ, ಎದೆಗವಚಿಕೊಂಡು, ಸೊಂಟ ಬಾಗಿಸಿ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೊರಟರು.

ಎದುರಿಗೆ ಬಂದ ಮುದುಕಿಯೊಬ್ಬಳು ಕೌದಿ ನೋಡಿ ಮುಖವರಳಿಸಿದಳು.

"ಮೊಮ್ಮಗ ಏನೋ ಯಪ್ಪಾ? ದೃಷ್ಟಿ ಆದೀತು, ಮುಚ್ಚಿಕೊಂಡ ಹೋಗು. ಎಷ್ಟು ಕೇಜಿ ಅದಾನ?"

ಮಾಸ್ತರು ನಿಂತು, ಉಸಿರೆಳೆದುಕೊಂಡು ಹೇಳಿದರು:

"ಹದಿನೆಂಟು."