ಅಮ್ಮನ ಬಾಯಿಗೆ ಎಣ್ಣೆ

ಅರ್ಧ ಲೋಟ ಎಣ್ಣೆಯಿಂದ ಇಷ್ಟೆಲ್ಲ ಆಯಿತು. ಅದನ್ನು ಬಾಗಿಲ ಕೀಲುಗಳಿಗೆ ಹೊಯ್ದವನು ಚರ್ಚಿನ ಬಾಗಿಲು ಕಾಯಲು ಹೊಸದಾಗಿ ಸೇರಿದ ಬಾಗಿಲಿನವನು. ಹೇಳಿಕೊಟ್ಟವಳು ಅವನ ಹೆಂಡತಿ.

"ಸಂಜೆ ಬಿಷಪ್ ಬರ್ತಾರೆ. ಆ ದೊಡ್ಡ ಬಾಗಿಲು ಕಿರ್ರೋ ಅಂತ ಕಿರುಚಿದ್ರೆ ಮಾನ ಹೋಗೋದು ನಿಮ್ಮದೇ," ಎಂದಿದ್ದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಚರ್ಚಿಗೆ ವಯಸ್ಸಾಗಿತ್ತು. ಗೋಡೆ ಬಿರುಕು ಬಿಟ್ಟಿತ್ತು, ಸೂರು ಸೋರುತ್ತಿತ್ತು, ಗಂಟೆಗೆ ಗೂರಲು ಹಿಡಿದಿತ್ತು. ಆದರೆ ಹೆಚ್ಚು ಬೈಗುಳ ತಿಂದದ್ದು ಆ ದೊಡ್ಡ ಬಾಗಿಲು. ಬೇರೆ ದಿನ ಜನ ಪಕ್ಕದ ಸಣ್ಣ ಬಾಗಿಲಿನಿಂದ ಬರುತ್ತಿದ್ದರು. ದೊಡ್ಡದು ತೆರೆಯುತ್ತಿದ್ದದ್ದು ಭಾನುವಾರ ಮಾತ್ರ. ಅದೂ ಒಳಗಿನಿಂದ, ಬಾಗಿಲಿನವನ ಕೈಯಿಂದಲೇ. ಆರಾಧನೆ ಶುರುವಾದ ಮೇಲೆ ಯಾರಾದರೂ ಬಂದು ತಟ್ಟಿದರೆ ಅದು ಕಿರ್ರ್ರ್ ಎಂದು ಊರಿಗೆಲ್ಲ ಚಾಡಿ ಹೇಳುತ್ತಿತ್ತು.

ಹಳೆಯ ಬಾಗಿಲಿನವನನ್ನು ಎಲ್ಲರೂ ಬಾಗಿಲಜ್ಜ ಎನ್ನುತ್ತಿದ್ದರು. ಹಿಂದಿನ ಭಾನುವಾರ ಮೆಟ್ಟಿಲಿಳಿಯುವಾಗ ಕಾಲು ಮುರಿದುಕೊಂಡು ಕೆಲಸ ಬಿಟ್ಟಿದ್ದ. ಆ ಜಾಗಕ್ಕೆ ಗಟ್ಟಿಮುಟ್ಟಾದ ಹತ್ತಾರು ಜನ ಬಂದಿದ್ದರೂ ಅಜ್ಜ ಬೆರಳು ತೋರಿಸಿದ್ದು ಈ ಕಡ್ಡಿ ಪೈಲ್ವಾನನ ಕಡೆಗೆ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಇವನಿಗೆ ಕೇಳುವ ಧೈರ್ಯವಿರಲಿಲ್ಲ. ಕೆಲಸದ ಜೊತೆ ಚರ್ಚಿನ ಹಿಂದೆ ಒಂದು ಕೋಣೆ ಸಿಕ್ಕಿ, ಮಾವನ ಮನೆಯ ಮೆಟ್ಟಿಲ ಕೆಳಗೆ ಮಲಗುವುದು ತಪ್ಪಿತ್ತು. ಉಳಿದದ್ದು ಒಂದೇ ಆಸೆ: ಹಾಡಿನ ಗುಂಪು. ಅಲ್ಲಿಂದ ಮೇಷ್ಟ್ರು ಅವನನ್ನು ಎರಡು ಸಲ ಹೊರಗೆ ಹಾಕಿದ್ದರು.

ಅದೇ ಶನಿವಾರ ಬೆಳಿಗ್ಗೆ ಸಂಜೆಯ ಕಾರ್ಯಕ್ರಮದ ತಾಲೀಮಿಗೆ ಜನ ಸೇರಿದರು.

"ಈ ಚರ್ಚು ನಮ್ಮೆಲ್ಲರ ತಾಯಿ. ಇವತ್ತು ಅವಳಿಗೆ ಸನ್ಮಾನ," ಎಂದರು ಫಾದರ್. "ಮೊದಲು ಭಾಷಣ ಇಲ್ಲ, ಹಾಡಿಲ್ಲ. ದೊಡ್ಡ ಬಾಗಿಲು ತೆರೆಯುತ್ತೆ, ಅಮ್ಮ ತನ್ನ ದನೀಲಿ ಮಕ್ಕಳನ್ನ ಕರೀತಾಳೆ. ಬಿಷಪ್ ಬೆಳೆದದ್ದು ಇಲ್ಲೇ. ಆ ದನಿ ಕೇಳ್ಬೇಕು ಅಂತಾನೇ ಅಷ್ಟು ದೂರದಿಂದ ಬರ್ತಿದಾರೆ. ಎಲ್ಲಿ, ಒಂದ್ಸಲ ತೆಗಿಯಪ್ಪ."

ಬಾಗಿಲಿನವನು ಹಿಡಿ ಹಿಡಿದ. ಎಳೆದ. ಬಾಗಿಲು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸದ್ದಿಲ್ಲದೆ ಬಂತು.

"ಏನ್ ಮಾಡ್ದೆ?"

"ಎಣ್ಣೆ, ಫಾದರ್. ಸ್ವಲ್ಪ."

"ಅಮ್ಮನ ಬಾಯಿ ಕಟ್ಟಿಬಿಟ್ಟೆಯಲ್ಲೋ ಪಾಪಿ," ಎಂದಳು ಟೈಲರಕ್ಕ. ಆ ಬಾಗಿಲಿಗೆ ಊರಿನಲ್ಲೇ ಹೆಚ್ಚು ಶಾಪ ಹಾಕಿದವಳು ಅವಳು. ಯಾವ ಭಾನುವಾರವೂ ಹೊತ್ತಿಗೆ ಬಂದವಳಲ್ಲ. ಅಮ್ಮ ಗೊಣಗುವಷ್ಟು ದಿನ ಯಾರಿಗೂ ಬೇಡ. ಸುಮ್ಮನಾದಳೋ, ಎಲ್ಲರಿಗೂ ಗಾಬರಿ.

"ಸಂಜೆಯೊಳಗೆ ಅವಳ ದನಿ ವಾಪಸ್ ಬರ್ಬೇಕು," ಎಂದರು ಫಾದರ್. "ಇಲ್ದಿದ್ರೆ ಕೋಣೆ ಕೀಲಿಕೈ ಕೊಟ್ಟು ಹೊರಡಪ್ಪ." ಮೆಲ್ಲಗೆ ಹೇಳಿದ್ದರಿಂದ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಆಮೇಲೆ ಊರಿನ ಬುದ್ಧಿಯೆಲ್ಲ ಆ ಕೀಲಿನ ಮೇಲೆ ಸುರಿಯಿತು. ಬೇಕರಿಯವನು ಮೈದಾ ಹಿಟ್ಟು ತಂದ. "ಎಣ್ಣೆ ಹೀರೋದ್ರಲ್ಲಿ ಇದನ್ನ ಮೀರಿಸಿದ್ದು ಯಾವುದೂ ಇಲ್ಲ." ಕೀಲಿನೊಳಗೆ ಹಿಟ್ಟು ಹದವಾಗಿ ಕಲಸಿಕೊಂಡಿತು, ಬೆಂಕಿಯೊಂದು ಇದ್ದಿದ್ದರೆ ಬಿಸ್ಕತ್ತು ಆಗುತ್ತಿತ್ತು.

ಟೈಲರಕ್ಕ ಉಪ್ಪುನೀರು ತಂದಳು. "ಹಾಕು. ತುಕ್ಕು ಹಿಡಿಯುತ್ತೆ."

"ತುಕ್ಕು ಒಂದೇ ದಿನಕ್ಕೆ ಹಿಡಿಯುತ್ತೇನಕ್ಕ?"

"ನನ್ನ ಮೆಷಿನ್‌ಗೆ ಹಿಡೀಲಿಲ್ವಾ?"

ಕೊನೆಗೆ ಅವನೇ ಮರಳು ತುಂಬಿದ. ಈಗ ಬಾಗಿಲು ಅಲುಗಾಡಲಿಲ್ಲ. ನಾಲ್ಕು ಜನ ಭುಜ ಕೊಟ್ಟಾಗ, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಒಂದು ಸದ್ದು ಹೊರಟಿತು. ಎಲ್ಲರೂ ಹಾಡಿನ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕಣ್ಣು ಮುಚ್ಚಿ ತಲೆಯಾಡಿಸಿದರು.

"ಇದು ಅಮ್ಮ ಅಲ್ಲ. ಮಲತಾಯಿ."

ಮರಳು ತೊಳೆದರು. ಬಾಗಿಲು ಮತ್ತೆ ಮೂಕವಾಯಿತು.

ಇದನ್ನೆಲ್ಲ ಬಾಗಿಲಜ್ಜ ಅಂಗಳದ ಬೆಂಚಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ನೋಡುತ್ತಿದ್ದ. ಬಾಗಿಲಿನವನು ಹೋಗಿ ಪಕ್ಕದಲ್ಲಿ ಕುಸಿದ.

"ಅಜ್ಜ, ನೀವಾದ್ರೂ ಒಂದು ದಾರಿ ಹೇಳಿ. ಮತ್ತೆ ಆ ಮೆಟ್ಟಿಲ ಕೆಳಗೆ ಮಲಗೋಕೆ ಹೆಂಡತಿ ಒಪ್ಪಲ್ಲ. ನನ್ನನ್ನ ಒಬ್ಬನ್ನೇ ಕಳಿಸ್ತಾಳೆ."

"ಸಂಜೆ ಹೊತ್ತಿಗೆ ಅಮ್ಮನೇ ಬಾಯಿ ಬಿಡ್ತಾಳೆ, ಹೋಗು," ಎಂದು ಅಜ್ಜ ಕಡಲೆ ಬಾಯಿಗೆ ಹಾಕಿಕೊಂಡ.

ಸಂಜೆ ಅಂಗಳ ತುಂಬಿತು. ಬಿಷಪ್ ಮೆಟ್ಟಿಲ ಮೇಲೆ ಬಂದು ನಿಂತರು. ಒಳಗೆ, ಬಾಗಿಲ ಮರೆಯ ಕತ್ತಲೆಯಲ್ಲಿ, ಬಾಗಿಲಿನವನು ಹಿಡಿ ಹಿಡಿದು ನಿಂತಿದ್ದ. ಹೊರಗೆ ಪಿಸುಮಾತೂ ನಿಂತಿತು. ಎಳೆದ. ಬಾಗಿಲು ನಿಶ್ಶಬ್ದವಾಗಿ ಸರಿಯತೊಡಗಿತು. ಕೋಣೆ, ಕೀಲಿಕೈ, ಮಾವನ ಮುಖ ಒಟ್ಟಿಗೇ ಕಣ್ಣ ಮುಂದೆ ಬಂದವು. ಅವನ ಗಂಟಲು ತಾನಾಗಿ ಬಾಯಿಬಿಟ್ಟಿತು.

"ಕಿರ್ರ್ರ್ರ್..."

ಬಾಗಿಲು ಪೂರ್ತಿ ತೆರೆಯುವವರೆಗೂ ಉಸಿರು ಎಳೆದು ಎಳೆದು ಕಿರುಗುಟ್ಟಿದ. ಹೊರಗೆ ಯಾರೋ ಮೂಗೆಳೆದುಕೊಂಡರು. ಬಿಷಪ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅದೇ ದನಿ. ಚಿಕ್ಕಂದಿನಲ್ಲಿ ನಾನು ತಡವಾಗಿ ಬಂದಾಗ ಹೀಗೇ ಬೈತಿದ್ಲು. ಅಮ್ಮ ಒಂಚೂರೂ ಬದಲಾಗಿಲ್ಲ."

ಜನ ಒಳಗೆ ನುಗ್ಗಿದರು. ಕೊನೆಯವರು ಬಂದ ಮೇಲೆ ಅವನು ಬಾಗಿಲು ಮುಚ್ಚಿದ. ಫಾದರ್ ಬಾಗಿಲಿನವನ ಬೆನ್ನು ತಟ್ಟಿದರು. "ಕೋಣೆ ನಿಂದೇ ಕಣಪ್ಪ." ಅವನು ಗೋಡೆಗೊರಗಿದ. ದಿನವಿಡೀ ತಲೆಯ ಮೇಲೆ ಹೊತ್ತ ಬಂಡೆ ಇಳಿದಂತಾಯಿತು.

ಹಾಡಿನ ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡರು. "ಎಂಥ ಶ್ರುತಿ ಕಣೋ ಅಮ್ಮಂದು. ಇಷ್ಟೆಲ್ಲ ಪಾಡುಪಟ್ಟು ಅವಳನ್ನ ಮಾತಾಡಿಸ್ದೆ. ನಿನ್ನ ಗಂಟಲಿಗೆ ದೇವರೇ ಗತಿ, ಆದ್ರೂ ಬಾ, ಕೊನೇ ಸಾಲಿನಲ್ಲಿ ನಿಂತ್ಕೊ. ಪ್ರತಿ ವಾರ ಬಾ."

ಬಾಗಿಲಿನವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಡಿನ ಗುಂಪಿನತ್ತ ಹೆಜ್ಜೆಯಿಟ್ಟ. ಒಂದು ಊರುಗೋಲು ಅವನ ಹೊಟ್ಟೆಗೆ ಅಡ್ಡ ಬಂತು.

"ಎಲ್ಲಿಗೆ?" ಎಂದ ಬಾಗಿಲಜ್ಜ.

"ಹಾಡೋಕೆ, ಅಜ್ಜ."

"ಮತ್ತೆ ಬಾಗಿಲ ಹತ್ರ ಯಾರು ಕಿರುಗುಟ್ತಾರೆ?"

ಬಾಗಿಲಿನವನು ಹಿಂದಿರುಗಿ ಬಾಗಿಲ ಕಡೆ ನೋಡಿದ.

"ಕೆಲಸಕ್ಕೆ ಸೇರಿದ ದಿನ ನಾನೂ ಆ ಕೀಲಿಗೆ ಎಣ್ಣೆ ಹಾಕಿದ್ದೆ," ಎಂದ ಅಜ್ಜ. "ಅವತ್ತಿಂದ ಹೋದ ಭಾನುವಾರದವರೆಗೂ ಅಮ್ಮನ ದನಿ ನಂದೇ. ನನ್ನ ಹಿಂದಿನವನೂ ಎಣ್ಣೆ ಹಾಕಿದ್ದನಂತೆ."

"ಬೆಳಿಗ್ಗೇನೇ ಹೇಳೋದಲ್ವಾ?"

"ಹೇಳಿದ್ರೆ ಬರೋ ದನಿ ಅಲ್ಲಪ್ಪ ಅದು. ಕುತ್ತಿಗೆಗೆ ಬಂದಾಗ ಬರುತ್ತೆ. ಅಷ್ಟು ಜನದಲ್ಲಿ ನಿನ್ನನ್ನೇ ಯಾಕೆ ಆರಿಸಿದೆ ಅಂದ್ಕೊಂಡೆ? ನೀನು ಗುಂಪಿನಲ್ಲಿ ಹಾಡಿದ್ದು ಒಂದ್ಸಲ ಕೇಳಿದ್ದೆ."

ಒಳಗೆ ಹಾಡು ಶುರುವಾಯಿತು, ಅವನಿಗೆ ಬಾಯಿಪಾಠವಿದ್ದ ಹಾಡು. ಅಷ್ಟರಲ್ಲಿ ಯಾರೋ ಹೊರಗಿನಿಂದ ಬಾಗಿಲು ತಟ್ಟಿದರು. ಸೀರೆ ಬದಲಿಸಲು ಮನೆಗೆ ಹೋಗಿದ್ದ ಟೈಲರಕ್ಕ ಎಂದಿನಂತೆ ತಡವಾಗಿ ಬಂದಿದ್ದಳು.

ಬಾಗಿಲಿನವನು ಮೇಷ್ಟ್ರ ಕಡೆ ಒಂದು ಸಲ ನೋಡಿದ. ಆಮೇಲೆ ಬಾಗಿಲ ಮರೆಗೆ ಹೋಗಿ, ಹಿಡಿ ಹಿಡಿದು, ಗಂಟಲು ಸರಿಮಾಡಿಕೊಂಡ.