ನಮ್ಮ ಕೊಟ್ರಮ್ಮನ ಗಂಟಲು

ಹೊಳಲ್ಕೆರೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಾನು ಧಣಿ. ಮನೆಯಲ್ಲಿ ನನಗೆ ದನಿಯೇ ಇಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. (ದೂರೇ. ಆದರೆ ನನ್ನ ಧರ್ಮಪತ್ನಿ ಏಕನಾಥಮ್ಮನ ಕಿವಿಗೆ ಹಾಕಬೇಡಿ.)

ಒಂದು ಮಧ್ಯಾಹ್ನ ಉಂಡು, ಎಲೆಯಡಿಕೆ ಹಾಕಿಕೊಂಡು, ಶಿವಭಕ್ತನಾದರೂ ಶೇಷಶಯನನ ಭಂಗಿಯಲ್ಲಿ ಪಡಸಾಲೆಯಲ್ಲಿ ಒರಗಿದ್ದೆ. ಹಿತ್ತಲಿನಿಂದ ಕೂಗು ಬಂತು.

"ಏನ್ರೀ, ಬಿದ್ಕಂಡೇ ಇರ್ತೀರೋ, ಒಂದ್ ಕೊಡ ನೀರು ಸೇದಿಕೊಡ್ತೀರೋ?"

ಬಾಯಿಯಲ್ಲಿದ್ದದ್ದನ್ನು ಉಗಿದು ಓಡಿದೆ. ಬಾವಿಯ ಹತ್ತಿರ ಏಕನಾಥಮ್ಮ ಇರಲಿಲ್ಲ. ಆರು ವರ್ಷದ ಮಗಳು ಕೊಟ್ರಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಅವಳ ತಮ್ಮ, ಪುಟ್ಟ ಮರುಳಸಿದ್ದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ನಿಮ್ಮವ್ವ ಎಲ್ಲಿ?"

"ಅವ್ವ ಮಠಕ್ಕೆ ಹೋಗೈತೆ."

"ಹಂಗಾದ್ರೆ ಕೂಗಿದ್ದು ಯಾರು?"

ಮಗಳು ನನ್ನನ್ನೇ ನೋಡುತ್ತ ಬಾಯಿ ತೆರೆದಳು. "ಏನ್ರೀ, ಕಣ್ ಕಣ್ ಬಿಡ್ತೀರಲ್ಲ, ಹಗ್ಗ ಹಿಡೀರಿ!"

ನಾನು ಹಗ್ಗ ಹಿಡಿದೆ. ಎದುರಿಗಿರುವುದು ಕೂಸು ಎಂದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಾಗಲಿಲ್ಲ.

ಕೊಡ ತುಂಬಿದ ಮೇಲೆ ಅಲ್ಲೇ ಕುಸಿದು ಕುಳಿತು, ಇನ್ನೇನು ಬರುತ್ತದೆ ಎಂದು ಕೇಳಿದೆ. ಎಣ್ಣೆ ಮಾರುವವಳ ರಾಗ ಬಂತು. ಕೀಲಿಗೆ ಎಣ್ಣೆ ಕಾಣದ ನಮ್ಮ ಬಾಗಿಲಿನ ಗೋಳು ಬಂತು. ಆಮೇಲೆ, ಹೋದ ವರ್ಷ ತೀರಿಕೊಂಡ ನನ್ನ ತಾಯಿ ಬಂದಳು. "ಮಗಾ, ಉಂಡ್ಯಾ?" "ಉಂಡೆ ಕಣವ್ವಾ" ಎಂದೇ ಬಿಟ್ಟೆ. ಮರುಳಸಿದ್ದ ತಾನೂ ಕಡಿಮೆಯಿಲ್ಲವೆಂದು ಮೇಕೆಮರಿಯಾಗಿ ಅರಚಿದ. ಮರಿಗೆ ಕೊಂಬೊಂದು ಬಾಕಿ! ಸರಸ್ವತಿ ದಾರಿ ತಪ್ಪಿ ನಮ್ಮ ಹಿತ್ತಲಿಗೆ ಬಂದಿದ್ದಾಳೆ, ಅನುಮಾನವಿಲ್ಲ.

ಸಂಜೆ ಹೆಂಡತಿಗೆ ಹೇಳಿದೆ.

"ಹಗಲುವೇಷದೋರ ಜೊತೆ ಕಳಿಸ್ತೀರೇನ್ರಿ ಮಕ್ಕಳನ್ನ?"

"ಇದು ವಿದ್ಯೆ ಕಣೇ! ಮೈಸೂರು ಅರಮನೆಗೆ ಸುದ್ದಿ ಮುಟ್ಟಿದ್ರೆ ಪಲ್ಲಕ್ಕಿ ಕಳಿಸ್ತಾರೆ."

"ಪಲ್ಲಕ್ಕಿ ಬಂದಾಗ ನೋಡಾಣ. ಈಗ ದೀಪಕ್ಕೆ ಎಣ್ಣೆ ಹಾಕ್ರಿ."

ಹಾಕಿದೆ.

ಆದರೆ ಸೋಮವಾರ ಆಕೆ ಮತ್ತೆ ಮಠಕ್ಕೆ ಹೊರಟದ್ದೇ ತಡ, ಪಡಸಾಲೆಯಲ್ಲಿ ಜಮಖಾನೆ ಹಾಸಿ ಮಹಾಸಭೆ ಕರೆದೆ. ಅಕ್ಕಪಕ್ಕದ ವರ್ತಕರು ಬಂದರು. ಶಾಲೆಯ ಮೇಷ್ಟ್ರು ಶಿವಯ್ಯನವರೂ ಬಂದರು. ಕೊಟ್ರಮ್ಮನನ್ನು ಶಾಲೆಗೆ ಸೇರಿಸಿಕೊಳ್ಳಿ ಎಂದು ನಾನು ಕೇಳಿದಾಗಲೆಲ್ಲ "ಹೆಣ್ಣುಮಗು, ನೋಡೋಣ" ಎನ್ನುತ್ತಿದ್ದವರು ಅವರೇ. ಇವತ್ತು ಅವರ ಬಾಯಲ್ಲೇ 'ಸೇರಿಸ್ರಿ' ಎನ್ನಿಸಬೇಕೆಂಬುದು ನನ್ನ ಹಟ.

ಮಕ್ಕಳನ್ನು ನಡುಮನೆಯ ಬಾಗಿಲ ಹಿಂದೆ ನಿಲ್ಲಿಸಿದೆ. ಮೊದಲು ಮರುಳಸಿದ್ದನ ಮೇಕೆಮರಿ. ಅದು ಎರಡು ಸಲ ಅರಚುವಷ್ಟರಲ್ಲಿ ಬೀದಿಯಿಂದ ಮೇಕೆ ಕಾಯುವ ಬೊಮ್ಮಕ್ಕ ಕೋಲು ಹಿಡಿದು ನುಗ್ಗಿದಳು.

"ಸಾವ್ಕಾರ್ರೇ, ನಮ್ಮ ಮರೀನ ಯಾಕ್ರೀ ಒಳಗೆ ಕಟ್ಟಾಕಿದೀರಿ?"

ಅವಳು ಮೂಲೆಮೂಲೆ ಹುಡುಕಿ, ಕೊನೆಗೆ ಮರುಳಸಿದ್ದನ ಗಲ್ಲ ಹಿಂಡಿ, ಮುಂದಿನದನ್ನು ನೋಡಲು ತಾನೂ ಕುಳಿತಳು. ಸಭೆ ಕಳೆಗಟ್ಟಿತು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ:

"ಏನ್ರೀ, ಇದೇನ್ರಿ ಈ ಸಂತೆ? ಒಳಗ್ ಬರ್ರಿ ಒಂದೀಟು!"

ನಾನು ಹಿಗ್ಗಿಹೋದೆ. "ಕೇಳಿದ್ರಾ ಮೇಷ್ಟ್ರೇ? ಥೇಟ್ ನಮ್ಮ ಮನೆಯವಳು!" ಸಭೆಗೆ ಇನ್ನಷ್ಟು ರುಚಿಸಲಿ ಎಂದು ಮೀಸೆ ತಿರುವಿ ಗರ್ಜಿಸಿದೆ: "ಬರಲ್ಲ ಹೋಗೇ! ಈ ಮನೆ ಯಜಮಾನ ಯಾರಂತ ತಿಳ್ಕಂಡಿದ್ದೀ?"

ಯಾರೂ ನಗಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಹಿತ್ತಲ ಬಾಗಿಲಿನಿಂದ ಬಂದ ಏಕನಾಥಮ್ಮ ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದಳು.

ಆಕೆ ಬೈಯಲಿಲ್ಲ. (ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.) ಸೆರಗು ಹೊದ್ದು ಬಾಗಿಲ ಮರೆಯಲ್ಲಿ ಕುಳಿತು, "ಕೊಟ್ರವ್ವಾ, ನಿನ್ನೆ ನನಗೊಂದು ದನಿ ಮಾಡಿ ತೋರ್ಸಿದ್ಯಲ್ಲ, ಅದನ್ನೂ ಮಾಡವ್ವ" ಎಂದಳು.

ಮಗಳು ಗಂಟಲು ದಪ್ಪ ಮಾಡಿದಳು. "ಏಯ್, ಈ ಅಂಗಡೀಲಿ ಒಂದೇ ಮಾತು! ತಗಂಡ್ರೆ ತಗಾ, ಇಲ್ಲಾಂದ್ರೆ ನಡೀ!" ಮರುಕ್ಷಣವೇ ಅದೇ ದನಿ ಹಾಲು ಬೇಡುವ ಬೆಕ್ಕಿನಂತೆ ಸಣ್ಣಗಾಯಿತು. "ಕರೆದ್ಯೇನೇ? ಬಂದೆ, ಬಂದೆ, ಬಂದೇಬಿಟ್ಟೆ..."

ಸಭೆ ಬಿದ್ದು ಬಿದ್ದು ನಕ್ಕಿತು. ಬೊಮ್ಮಕ್ಕ ಕೋಲಿನಿಂದ ನೆಲ ಕುಟ್ಟಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಪಾಪ, ಯಾರಮ್ಮ ಈ ಪುಕ್ಕಲ?"

ಮರುಳಸಿದ್ದ ಬಾಗಿಲಿನಿಂದ ತಲೆ ಹೊರಹಾಕಿದ. "ನೀನೇ ಅಪ್ಪ!"

ನಗು ನಿಂತಿತು, ನನ್ನದು ಮಾತ್ರ. ಮನುಷ್ಯ ತನ್ನ ಮುಖವನ್ನಾದರೂ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾನೆ. ತನ್ನ ದನಿಯನ್ನು ಹೊರಗೆ ನಿಂತು ಕೇಳಿದವರು ಯಾರಿದ್ದಾರೆ? ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದು ಇದನ್ನೇ? ಅಂಗಡಿಯ ಆ ಜಂಬ, ಮನೆಯ ಆ ನಡುಕ, ನಡುಕದೊಳಗೆ ಅಡಗಿದ್ದ ಅಷ್ಟಿಷ್ಟು ಪ್ರೀತಿ, ಎಲ್ಲವೂ ಒಂದು ಮೊಳದ ಮಗುವಿಗೆ ಕೇಳಿಸಿತ್ತು.

ಶಿವಯ್ಯನವರು ಕಣ್ಣೊರೆಸಿಕೊಂಡರು. "ಸಾವ್ಕಾರ್ರೇ, ನಾಳೇನೇ ಶಾಲೆಗೆ ಕಳಿಸ್ರಿ ಈ ಮಗೂನ. ಆದ್ರೆ ನನ್ನ ದನಿ ಮಾಡಬಾರದು ಅಂತ ಬುದ್ಧಿ ಹೇಳಿ ಕಳಿಸ್ರಿ."

ಕೊಟ್ರಮ್ಮ ಬಂದು ನನ್ನ ಮುಂದೆ ನಿಂತಳು. ಅಪ್ಪ ಏನನ್ನುವನೋ ಎಂದು ಮುಖ ನೋಡಿದಳು. ಬಾಗಿಲ ಮರೆಯಲ್ಲಿ ಬಳೆಗಳ ಸದ್ದೂ ನಿಂತಿತು. 'ಶಹಬಾಸ್ ಮಗಳೇ' ಎನ್ನಲು ಬಾಯಿ ತೆರೆದೆ. ಹೊರಡುವುದು ದಪ್ಪ ದನಿಯೋ ಸಣ್ಣ ದನಿಯೋ ಎಂದು ಇಡೀ ಸಭೆ ಕಿವಿ ನಿಮಿರಿಸಿ ಕಾಯುತ್ತಿತ್ತು.

ತೆರೆದ ಬಾಯಿ ಮುಚ್ಚಿಕೊಂಡು, ಎರಡೂ ಕೈ ಜೋಡಿಸಿ, ಮಗಳಿಗೆ ನಮಸ್ಕಾರ ಮಾಡಿದೆ.